ನೆಲಕ್ಕೆ ಉಣಿಸುವ ಖನಿಜಗಳು

ಒಂದು ಟನ್ನು ಬತ್ತ ಗದ್ದೆಯಿಂದ ಮನೆಗೆ ಬಂದಿತೆಂದು ಎಣಿಸೋಣ. ಕಾಳಿನೊಡನೆ ಹುಲ್ಲನ್ನೂ ಲೆಕ್ಕಕ್ಕೆ ಹಿಡಿದರೆ, ಆ ಬೆಳೆಯ ಜೊತೆಯಲ್ಲಿ ಗದ್ದೆಯಿಂದ ಸುಮಾರು 15ರಿಂದ 20 ಕಿಲೋಗ್ರಾಂ ಸಾರಜನಕ, ಹೆಚ್ಚುಕಡಿಮೆ ಅಷ್ಟೇ ಪೊಟ್ಯಾಸಿಯಂ, 2ರಿಂದ 3 ಕಿಲೋಗ್ರಾಂ ರಂಜಕ ಹೊರಟುಬಂದಿರುತ್ತವೆ. ಹುಲ್ಲು ದನದ ಹೊಟ್ಟೆಯನ್ನು ಸೇರಿ, ಸಗಣಿಯಾಗಿ ತಿಪ್ಪೆಗೆ ಬಿದ್ದು, ಮತ್ತೆ ಗದ್ದೆಗೆ ಹೋದರೆ ಅದರಲ್ಲಿ ಒಂದಂಶ ಹಿಂದಿರುಗಿತು. ಆದರೆ ಕಾಳು ಪಟ್ಟಣದ ಅಂಗಡಿಗೆ ಹೋದರೆ ಅದರೊಡನೆ ಹೋದ ಸತ್ತ್ವ ಹಿಂದಿರುಗುವ ದಾರಿಯೇ ಇಲ್ಲ; ಅದು ಪಟ್ಟಣದ ಚರಂಡಿಯಲ್ಲಿ ಹರಿದು ನದಿಯನ್ನೂ ಕಡಲನ್ನೂ ಸೇರುವುದು.

ಈ ಕೊರತೆಯನ್ನು ನಮ್ಮ ಒಕ್ಕಲು ಮಕ್ಕಳು ಅರಿಯದವರಲ್ಲ. ಕೊಟ್ಟಿಗೆ ಗೊಬ್ಬರ, ಹೊಂಗೆಯ ಸೊಪ್ಪು, ಹಿಂಡಿ, ಒಲೆಯ ಬೂದಿ, ಬೇಸಗೆಯಲ್ಲಿ ಕೆರೆಯಿಂದ ಎತ್ತಿದ ಗೋಡು, ಹೊಲದಲ್ಲಿ ರಾತ್ರಿ ತಂಗಿಸಿದ ಕುರಿಮಂದೆ, ಇವೆಲ್ಲವೂ ಹೋದುದನ್ನು ಹಿಂದಕ್ಕೆ ತರುವ ಉಪಾಯಗಳೇ. ಆದರೆ ಇವುಗಳಿಂದ ನೆಲಕ್ಕೆ ಏನು ಸೇರುತ್ತದೆ, ಎಷ್ಟು ಸೇರುತ್ತದೆ ಎಂಬುದು ಮಾತ್ರ 19ನೆಯ ಶತಮಾನದವರೆಗೆ ಯಾರಿಗೂ ಸ್ಪಷ್ಟವಾಗಿರಲಿಲ್ಲ. ಕೊಳೆತ ಎಲೆ ಸಗಣಿಗಳ ಕಪ್ಪು ಪದಾರ್ಥವನ್ನೇ ಗಿಡ ಬೇರಿನಿಂದ ತಿಂದು ಬೆಳೆಯುತ್ತದೆಂದು ಯೂರೋಪಿನ ಪಂಡಿತರು ನಂಬಿದ್ದರು. ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ಈ ನಂಬಿಕೆಯನ್ನು ಮೊದಲು ಅಲುಗಿಸಿದನು. 1840ರಲ್ಲಿ ಯುಸ್ಟಸ್ ಲೀಬಿಗ್ ತನ್ನ ಗ್ರಂಥದ ಮೂಲಕ ಅದನ್ನು ಉರುಳಿಸಿಯೇಬಿಟ್ಟನು. ಗಿಡದ ಬೇರು ಹೀರುವುದು ನೀರಿನಲ್ಲಿ ಕರಗಿದ ಲವಣಗಳನ್ನು. ಅಂಗಾರವನ್ನು ಅದು ಪಡೆಯುವುದು ಗಾಳಿಯಿಂದ. ಗಿಡಕ್ಕೆ ಅತ್ಯಗತ್ಯವಾದ ಮೂಲವಸ್ತುಗಳು 17 ಎಂದು ಈಗ ಎಣಿಕೆಯಾಗಿದೆ. ಅಂಗಾರ, ಜಲಜನಕ, ಆಮ್ಲಜನಕಗಳು ಗಾಳಿ ನೀರುಗಳಿಂದ ದೊರೆಯುತ್ತವೆ. ಉಳಿದ 14ನ್ನು ಮಣ್ಣೇ ಕೊಡಬೇಕು. ಅವುಗಳಲ್ಲಿ ಬೇಗ ಬರಿದಾಗುವುವು ಸಾರಜನಕ, ರಂಜಕ, ಪೊಟ್ಯಾಸಿಯಂ ಎಂಬ ಮೂರು.

ಈ 14ರಲ್ಲಿ ಯಾವುದು ಅತ್ಯಂತ ಕೊರತೆಯಾಗಿರುವುದೋ ಅದೇ ಬೆಳೆಯ ಮಿತಿಯನ್ನು ನಿರ್ಧರಿಸುತ್ತದೆ. ಹುಳಿಗೆ ಉಪ್ಪು ಸಾಲದಿದ್ದರೆ ಬೇಳೆಯನ್ನು ಹೆಚ್ಚಿಸಿ ಏನು ಪ್ರಯೋಜನ? ರಂಜಕವಿಲ್ಲದ ನೆಲಕ್ಕೆ ಸಾರಜನಕವನ್ನು ಸುರಿಯುವುದೂ ಹಾಗೆಯೆ. ನಮ್ಮ ದೇಶದಲ್ಲಿ ಯೂರಿಯ ಇತರ ಗೊಬ್ಬರಗಳಿಗಿಂತ ಬಹಳ ಅಗ್ಗವಾಗಿ ದೊರೆಯುವುದರಿಂದ, ಈ ನಿಯಮ ಪುಸ್ತಕದಲ್ಲಿ ಉಳಿದಿರುವಷ್ಟು ಹೊಲದಲ್ಲಿ ಉಳಿದಿಲ್ಲ.

ಗಾಳಿಯ ಸಿರಿ, ನೆಲದ ಬಡತನ

ಮೂರರಲ್ಲಿ ಮೊದಲನೆಯದಾದ ಸಾರಜನಕದ ಕಥೆ ವಿಚಿತ್ರವಾದುದು. ಒಂದು ಹೆಕ್ಟೇರ್ ಹೊಲದ ಮೇಲೆ ನಿಂತಿರುವ ಗಾಳಿಯ ಕಂಬವನ್ನು ತೂಗಲು ಸಾಧ್ಯವಾದರೆ ಅದು ಸುಮಾರು 1 ಲಕ್ಷ ಟನ್ನಾದೀತು. ಅದರಲ್ಲಿ ಮುಕ್ಕಾಲು ಪಾಲು, ಎಂದರೆ ಸುಮಾರು 75 ಸಾವಿರ ಟನ್ನು, ಸಾರಜನಕವೇ. ಇಷ್ಟು ಸಂಪತ್ತಿನ ಕೆಳಗೆ ನಿಂತ ಗಿಡ ಕೆಲವೇ ಕಿಲೋಗ್ರಾಂ ಸಾರಜನಕವಿಲ್ಲದೆ ಹಳದಿಯಾಗಿ ಸೊರಗುತ್ತದೆ. ಕಾರಣವೇನು? ಗಾಳಿಯಲ್ಲಿ ಸಾರಜನಕದ ಪರಮಾಣುಗಳು ಎರಡೆರಡಾಗಿ, ಮೂರು ಬಂಧಗಳಿಂದ ಬಿಗಿದುಕೊಂಡಿವೆ. ಈ ಜೋಡಿಯನ್ನು ಬಿಡಿಸುವ ಶಕ್ತಿ ಗಿಡಕ್ಕಿಲ್ಲ. ಸಿಡಿಲಿಗೆ ಆ ಶಕ್ತಿಯುಂಟು. ಕೆಲವು ಸೂಕ್ಷ್ಮಜೀವಿಗಳಿಗೂ ಉಂಟು. ಹುರುಳಿ, ತೊಗರಿ, ಅವರೆಯ ಗಿಡವನ್ನು ಮೆಲ್ಲಗೆ ಕಿತ್ತು ಬೇರನ್ನು ತೊಳೆದು ನೋಡಿದರೆ ಸಣ್ಣ ಸಣ್ಣ ಗಂಟುಗಳು ಕಾಣುವುವು. ಆ ಗಂಟುಗಳಲ್ಲಿ ವಾಸಿಸುವ ಜೀವಾಣುಗಳೇ ಗಾಳಿಯ ಸಾರಜನಕವನ್ನು ಕಟ್ಟಿಕೊಡುತ್ತವೆಂದು 1886ರಲ್ಲಿ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ಟ್ ಎಂಬಿಬ್ಬರು ಜರ್ಮನ್ ವಿಜ್ಞಾನಿಗಳು ತೋರಿಸಿದರು. ರಾಗಿಯ ಹೊಲದಲ್ಲಿ ಅವರೆಯ ಅಕ್ಕಡಿ ಇಡುವ ನಮ್ಮ ಪದ್ಧತಿಯ ಒಳಗುಟ್ಟಿನಲ್ಲಿ ಇದೂ ಒಂದು.

ಹೀಗೆ ಗಿಡಕ್ಕೆ ಸಿಕ್ಕಿದ ಸಾರಜನಕ ಪ್ರಾಣಿಗಳ ಮೂತ್ರ ಸಗಣಿಗಳ ಮೂಲಕ ಮಣ್ಣಿಗೆ ಬಿದ್ದು, ಜೀವಾಣುಗಳ ಕ್ರಿಯೆಯಿಂದ ನೈಟ್ರೇಟ್ ಲವಣವಾಗುತ್ತದೆ. ಬಿಹಾರದ ಹಳ್ಳಿಗಳಲ್ಲಿ ಮಳೆಗಾಲ ಮುಗಿದು ನೆಲ ಒಣಗತೊಡಗಿದಾಗ, ಕೊಟ್ಟಿಗೆಗಳ ಸುತ್ತಲಿನ ಮಣ್ಣಿನ ಮೇಲೆ ಬಿಳಿಯ ಪುಡಿಯಾಗಿ ಅದು ಮೇಲೇಳುತ್ತಿತ್ತು. ಮನೆಯ ಬೂದಿಯಿಂದ ಬಂದ ಪೊಟ್ಯಾಸಿಯಂ ಅದರೊಡನೆ ಸೇರಿ ಪೊಟ್ಯಾಸಿಯಂ ನೈಟ್ರೇಟ್, ಎಂದರೆ ಪೆಟ್ಲುಪ್ಪು, ಆಗುತ್ತಿತ್ತು. ನೋನಿಯಾ ಎಂಬ ಜನ ಆ ಮಣ್ಣನ್ನು ಕೆರೆದು, ನೀರೆರೆದು ಬಸಿದು, ಬಾಣಲೆಗಳಲ್ಲಿ ಕಾಯಿಸಿ ಹರಳು ಮಾಡುತ್ತಿದ್ದರು. ಕೋವಿಮದ್ದಿನಲ್ಲಿ ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪೇ. ಟೀಪುವಿನ ಸೈನ್ಯದ ಕಬ್ಬಿಣದ ಕೊಳವೆಯ ಅಗ್ನಿಬಾಣಗಳನ್ನು ಹಾರಿಸಿದುದೂ ಅದರ ಬಲವೇ. ಈಸ್ಟ್ ಇಂಡಿಯಾ ಕಂಪನಿ ಬಿಹಾರದ ಪೆಟ್ಲುಪ್ಪನ್ನು ಹಡಗು ಹಡಗಾಗಿ ಒಯ್ದಿತು. 1757ರ ಪ್ಲಾಸಿ ಯುದ್ಧದ ನಂತರ ಆ ವ್ಯಾಪಾರ ಬಹುಮಟ್ಟಿಗೆ ಅದರ ಕೈಗೇ ಸೇರಿತು. ಬೆಳೆಗೆ ಅನ್ನವಾಗಬಲ್ಲ ಲವಣವೇ ಫಿರಂಗಿಗೂ ಅನ್ನ. ಈ ಇಬ್ಬಗೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಮತ್ತೆ ಎದುರಾಗುತ್ತದೆ.

ಮಳೆ ಕಾಣದ ಮರುಭೂಮಿ

ನೈಟ್ರೇಟುಗಳೆಲ್ಲ ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುಗಳು. ಆದುದರಿಂದ ಅವು ಬಂಡೆಯಂತೆ ನೆಲದಲ್ಲಿ ಶೇಖರವಾಗಿ ಉಳಿಯಬೇಕಾದರೆ ಅಲ್ಲಿ ಮಳೆಯೇ ಬೀಳಬಾರದು. ಭೂಮಿಯ ಮೇಲೆ ಅಂಥ ಸ್ಥಳ ಒಂದುಂಟು: ದಕ್ಷಿಣ ಅಮೆರಿಕದ ಪಶ್ಚಿಮ ತೀರದ ಅಟಕಾಮ ಮರುಭೂಮಿ. ಒಂದು ಕಡೆ ಆಂಡೀಸ್ ಪರ್ವತ, ಇನ್ನೊಂದು ಕಡೆ ತಣ್ಣನೆಯ ಕಡಲ ಪ್ರವಾಹ. ಎರಡರ ನಡುವೆ ಮೋಡಕ್ಕೆ ಮಳೆಯಾಗುವ ಅವಕಾಶವಿಲ್ಲ. ಲಕ್ಷಾಂತರ ವರ್ಷಗಳಿಂದ ವಾಯುಮಂಡಲದಲ್ಲಿ ಹುಟ್ಟಿದ ನೈಟ್ರೇಟು ಧೂಳಿನೊಡನೆ ಅಲ್ಲಿ ಇಳಿದು, ಕೊಚ್ಚಿಹೋಗದೆ, ಉಪ್ಪು ಜಲ್ಲಿಗಳೊಡನೆ ಗಟ್ಟಿಯಾಗಿ ಕುಳಿತಿದೆ. ಈ ಗಟ್ಟಿ ಪದರಕ್ಕೆ ಕಲೀಚೆ ಎಂದು ಹೆಸರು.

ಕಲೀಚೆಯಿಂದ ಸೋಡಿಯಂ ನೈಟ್ರೇಟನ್ನು ತೆಗೆಯುವ ಉಪಾಯ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮಾಡಿ ನೋಡಬಹುದಾದಷ್ಟು ಸರಳ. ನೂರು ಗ್ರಾಂ ಕುದಿನೀರಿನಲ್ಲಿ ಸುಮಾರು 180 ಗ್ರಾಂ ಸೋಡಿಯಂ ನೈಟ್ರೇಟ್ ಕರಗುವುದು. ನೀರು ಮಂಜಿನಷ್ಟು ತಣ್ಣಗಾದರೆ ಅದರಲ್ಲಿ ಉಳಿಯುವುದು 73 ಗ್ರಾಂ ಮಾತ್ರ. ಅಡಿಗೆಯ ಉಪ್ಪಾದರೋ ಕುದಿನೀರಿನಲ್ಲಿ 39 ಗ್ರಾಂ, ತಣ್ಣೀರಿನಲ್ಲಿ ಸುಮಾರು 36 ಗ್ರಾಂ ಕರಗುತ್ತದೆ; ಬಿಸಿಗೂ ತಂಪಿಗೂ ಅದು ಅಷ್ಟಾಗಿ ಜಗ್ಗುವುದಿಲ್ಲ. ಆದುದರಿಂದ ಕಲೀಚೆಯನ್ನು ಪುಡಿಮಾಡಿ ಕುದಿನೀರಿನಲ್ಲಿ ಕರಗಿಸಿ, ತಿಳಿಯನ್ನು ತೊಟ್ಟಿಗಳಲ್ಲಿ ಆರಲು ಬಿಟ್ಟರೆ ನೈಟ್ರೇಟು ಹರಳಾಗಿ ತಳದಲ್ಲಿ ಕೂಡುತ್ತದೆ. ಉಪ್ಪಿನ ಬಹುಭಾಗ ನೀರಿನಲ್ಲೇ ನಿಲ್ಲುತ್ತದೆ. ಉಳಿದ ನೀರಿನಿಂದ ಅಯೊಡಿನ್ ದೊರೆಯುತ್ತದೆ. ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಅಯೊಡಿನ್ ತೆಗೆಯುವ ದೇಶ ಚಿಲಿಯೇ.

ಈ ಉಪ್ಪಿಗಾಗಿ 1879ರಲ್ಲಿ ಚಿಲಿ ಒಂದು ಕಡೆಯಾಗಿ, ಪೆರು ಬೊಲಿವಿಯಗಳು ಇನ್ನೊಂದು ಕಡೆಯಾಗಿ ಯುದ್ಧ ಹೂಡಿದುವು. ಚಿಲಿ ಗೆದ್ದು ಮರುಭೂಮಿಯನ್ನೆಲ್ಲ ತನ್ನದಾಗಿಸಿಕೊಂಡಿತು. ಬೊಲಿವಿಯ ಕಡಲ ತೀರವನ್ನು ಕಳೆದುಕೊಂಡು ಸುತ್ತಲೂ ನೆಲವೇ ಇರುವ ದೇಶವಾಯಿತು. ಅಲ್ಲಿಂದ ಮುಂದೆ ಯೂರೋಪಿನ ಗೋದಿಯೂ ಬೀಟ್‌ಗೆಡ್ಡೆಯೂ ಈ ಮರುಭೂಮಿಯನ್ನು ಉಂಡು ಬೆಳೆದುವು. ಉಂಡವರಿಗೆ ಕಾಣದ ಒಂದು ಮುಖವೂ ಇದಕ್ಕುಂಟು. ಗಣಿಯ ಕೂಲಿಗಾರರಿಗೆ ಕೂಲಿಯನ್ನು ಹಣವಾಗಿ ಕೊಡದೆ ಬಿಲ್ಲೆಗಳಾಗಿ ಕೊಡುತ್ತಿದ್ದರು; ಆ ಬಿಲ್ಲೆಗಳು ನಡೆಯುತ್ತಿದ್ದುದು ಕಂಪನಿಯ ಅಂಗಡಿಯಲ್ಲಿ ಮಾತ್ರ. ಇದನ್ನು ನಿಲ್ಲಿಸಬೇಕೆಂಬುದೂ ಸೇರಿ ಕೆಲವು ಬೇಡಿಕೆಗಳನ್ನು ಹೊತ್ತು ಅವರು ಹೆಂಡಿರು ಮಕ್ಕಳೊಡನೆ ಮರುಭೂಮಿಯಿಂದಿಳಿದು ಇಕೀಕೆ ಬಂದರಿಗೆ ಬಂದು ಒಂದು ಶಾಲೆಯಲ್ಲಿ ತಂಗಿದ್ದರು. 1907ರ ಡಿಸೆಂಬರ್ 21ರಂದು ಸೈನ್ಯ ಅವರ ಮೇಲೆ ಗುಂಡು ಹಾರಿಸಿತು. ಸತ್ತವರ ಸಂಖ್ಯೆಯ ವಿಚಾರದಲ್ಲಿ ಇಂದಿಗೂ ಒಮ್ಮತವಿಲ್ಲ. ನೂರಾರು ಮಂದಿ ಎಂಬುದರಲ್ಲಿ ಸಂದೇಹವಿಲ್ಲ.

ಗಾಳಿಯನ್ನು ಕಟ್ಟಿದುದು

ಎಷ್ಟೇ ದೊಡ್ಡ ಮರುಭೂಮಿಯಾದರೂ ಅಗೆಯುತ್ತಿದ್ದರೆ ಮುಗಿಯಲೇಬೇಕು. 1898ರಲ್ಲಿ ಬ್ರಿಸ್ಟಲ್ ನಗರದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನ ಸಂಘದ ಅಧ್ಯಕ್ಷಪೀಠದಿಂದ ವಿಲಿಯಂ ಕ್ರೂಕ್ಸ್ ಈ ಮಾತನ್ನು ಎತ್ತಿದನು. ಜನ ಹೆಚ್ಚುತ್ತಿದ್ದಾರೆ, ಹೊಸ ಗೋದಿಯ ನೆಲ ಉಳಿದಿಲ್ಲ, ಚಿಲಿಯ ಉಪ್ಪು ಕೆಲವು ದಶಕಗಳಲ್ಲಿ ಮುಗಿದೀತು. ಗಾಳಿಯ ಸಾರಜನಕವನ್ನು ಕಟ್ಟುವ ಬಗೆಯನ್ನು ರಸಾಯನ ವಿಜ್ಞಾನಿಗಳು ಕಂಡುಹಿಡಿಯದಿದ್ದರೆ ಹಸಿವು ತಪ್ಪದು ಎಂಬುದು ಅವನ ವಾದ.

ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ಕಾರ್ಲ್ಸ್‌ರೂಯೆಯ ಪ್ರಯೋಗಶಾಲೆಯಲ್ಲಿ ಅದನ್ನು ಸಾಧಿಸಿ ತೋರಿಸಿದನು. ಒಂದು ಪಾಲು ಸಾರಜನಕ, ಮೂರು ಪಾಲು ಜಲಜನಕ ಸೇರಿ ಎರಡು ಪಾಲು ಅಮೋನಿಯ ಆಗುತ್ತವೆ. ಬರೆದರೆ ಒಂದು ಸಾಲು. ಮಾಡಲು ಹೊರಟರೆ ತೊಡಕಿನ ಮೇಲೆ ತೊಡಕು. ನಾಲ್ಕು ಪಾಲು ಅನಿಲ ಎರಡು ಪಾಲಾಗಿ ಕುಗ್ಗುವುದರಿಂದ ಒತ್ತಡ ಹೆಚ್ಚಿದಷ್ಟೂ ಅಮೋನಿಯ ಹೆಚ್ಚು. ಕ್ರಿಯೆಯಲ್ಲಿ ಶಾಖ ಹೊರಬೀಳುವುದರಿಂದ ಉಷ್ಣತೆ ಕಡಿಮೆಯಾದಷ್ಟೂ ಅಮೋನಿಯ ಹೆಚ್ಚು. ಆದರೆ ಉಷ್ಣತೆ ಕಡಿಮೆಯಾದರೆ ಆ ಬಿಗಿದ ಜೋಡಿ ಬಿಚ್ಚಿಕೊಳ್ಳುವುದೇ ಇಲ್ಲ. ಕ್ರಿಯೆ ಆಮೆಯ ನಡಿಗೆಗಿಳಿಯುತ್ತದೆ. ಆದುದರಿಂದ ವಾಯುಮಂಡಲದ ನೂರಾರು ಪಾಲು ಒತ್ತಡ, ಐದುನೂರು ಡಿಗ್ರಿಯ ಸುತ್ತಮುತ್ತಲ ಉಷ್ಣತೆ, ಇವೆರಡರ ಜೊತೆಗೆ ಕ್ರಿಯೆಯನ್ನು ಚುರುಕುಗೊಳಿಸಿ ತಾನು ಮಾತ್ರ ವ್ಯಯವಾಗದ ಒಂದು ವೇಗವರ್ಧಕ ಬೇಕಾಯಿತು. ಹೇಬರ್ ಬಳಸಿದ ಆಸ್ಮಿಯಂ ಲೋಹ ಪ್ರಪಂಚದಲ್ಲೇ ಅತಿ ವಿರಳ. ಆಲ್ವಿನ್ ಮಿಟಾಷ್ ಸಾವಿರಾರು ಪ್ರಯೋಗಗಳನ್ನು ಮಾಡಿ, ಸ್ವಲ್ಪ ಅಲ್ಯೂಮಿನ ಮತ್ತು ಪೊಟಾಷ್ ಬೆರೆತ ಸಾಮಾನ್ಯ ಕಬ್ಬಿಣವೇ ಸಾಕೆಂದು ಕಂಡುಕೊಂಡನು. ಇಂದಿಗೂ ಬಳಕೆಯಲ್ಲಿರುವುದು ಬಹುಮಟ್ಟಿಗೆ ಅದೇ.

ಇದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದವನು ಕಾರ್ಲ್ ಬಾಷ್. ಅವನ ಉಕ್ಕಿನ ಕೊಳವೆಗಳು ಕೆಲವೇ ದಿನಗಳಲ್ಲಿ ಸಿಡಿಯತೊಡಗಿದುವು. ಒತ್ತಡದಲ್ಲಿದ್ದ ಬಿಸಿ ಜಲಜನಕ ಉಕ್ಕಿನೊಳಗೆ ನುಗ್ಗಿ, ಅದಕ್ಕೆ ಗಟ್ಟಿತನ ಕೊಡುವ ಅಂಗಾರವನ್ನು ಕದ್ದೊಯ್ದು ಅದನ್ನು ಬಿಸ್ಕತ್ತಿನಂತೆ ಪೆಡಸುಗೊಳಿಸುತ್ತಿತ್ತು. ಬಾಷ್ ಒಳಗೆ ಅಂಗಾರವಿಲ್ಲದ ಮೆದು ಕಬ್ಬಿಣದ ಹೊದಿಕೆಯನ್ನು ಕೊಟ್ಟು, ಹೊರಗಿನ ಉಕ್ಕಿಗೆ ಸಣ್ಣ ತೂತುಗಳನ್ನು ಕೊರೆದನು. ಒಳಹೊದಿಕೆಯನ್ನು ದಾಟಿದ ಜಲಜನಕ ಉಕ್ಕನ್ನು ಕೆಡಿಸುವ ಮೊದಲೇ ತೂತುಗಳಿಂದ ಹೊರಟುಹೋಯಿತು. ಇಡೀ ಕಥೆಯಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾಗುವುದು ಈ ತೂತುಗಳೇ. 1913ರಲ್ಲಿ ಓಪೌ ಎಂಬಲ್ಲಿ ಕಾರ್ಖಾನೆ ಕೆಲಸವಾರಂಭಿಸಿತು.

ಮರುವರ್ಷ ಮಹಾಯುದ್ಧ. ಬ್ರಿಟಿಷ್ ನೌಕಾಬಲ ಚಿಲಿಯ ಹಡಗುಗಳು ಜರ್ಮನಿಯನ್ನು ಸೇರದಂತೆ ತಡೆಯಿತು. ಆಗ ಓಪೌವಿನ ಅಮೋನಿಯವನ್ನು ನೈಟ್ರಿಕ್ ಆಮ್ಲವಾಗಿ ಮಾರ್ಪಡಿಸಿ ಸಿಡಿಮದ್ದಿಗೆ ಬಳಸಿದರು. ಹಸಿವನ್ನು ತಪ್ಪಿಸಲು ಹುಟ್ಟಿದ ವಿದ್ಯೆ ಯುದ್ಧವನ್ನು ಲಂಬಿಸಿತೆಂದು ಹೇಳುವುದರಲ್ಲಿ ಅತಿಶಯವಿಲ್ಲ. ಹೇಬರ್‌ಗೆ 1918ರ ಸಾಲಿನ, ಬಾಷ್‌ಗೆ 1931ರ ನೊಬೆಲ್ ಪಾರಿತೋಷಿಕಗಳು ಬಂದುವು. 1915ರಲ್ಲಿ ಈಪ್ರ ರಣರಂಗದಲ್ಲಿ ಕ್ಲೋರಿನ್ ವಿಷಾನಿಲವನ್ನು ಹರಿಯಬಿಡಲು ಮುಂದಾಳಾದವನೂ ಇದೇ ಹೇಬರ್. ಅದೇ ಓಪೌವಿನಲ್ಲಿ 1921ರಲ್ಲಿ ದಾಸ್ತಾನಿನ ಗೊಬ್ಬರ ಸಿಡಿದು ಐನೂರಕ್ಕೂ ಹೆಚ್ಚು ಜನ ಮಡಿದರು. 2020ರಲ್ಲಿ ಬೇರೂತ್ ಬಂದರನ್ನು ನಾಶಮಾಡಿದುದೂ ಉಗ್ರಾಣದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಅಮೋನಿಯಂ ನೈಟ್ರೇಟೇ.

ನಮ್ಮ ನಾಡಿಗೂ ಈ ವಿದ್ಯೆ ಬೇಗನೆ ಬಂದಿತೆನ್ನಬೇಕು. ಎರಡನೆಯ ಮಹಾಯುದ್ಧದ ಕಾಲಕ್ಕೆ ಮೈಸೂರಿನ ಹತ್ತಿರದ ಬೆಳಗೊಳದಲ್ಲಿ ಅಮೋನಿಯವನ್ನು ತಯಾರಿಸಿ ಅಮೋನಿಯಂ ಸಲ್ಫೇಟ್ ಮಾಡುವ ಸಣ್ಣ ಕಾರ್ಖಾನೆ ಇತ್ತು. 1951ರಲ್ಲಿ ಸಿಂದ್ರಿಯ ದೊಡ್ಡ ಕಾರ್ಖಾನೆ ಆರಂಭವಾಯಿತು. ಅಲ್ಲಿ ಗಂಧಕಾಮ್ಲದ ಬದಲು ಜಿಪ್ಸಂ ಖನಿಜವನ್ನು ಬಳಸಿ ಸಲ್ಫೇಟನ್ನು ಪಡೆದರು. ಮಂಗಳೂರಿನ ಪಣಂಬೂರಿನಲ್ಲಿ 1976ರಿಂದ ಯೂರಿಯ ತಯಾರಾಗುತ್ತಿದೆ. ಇಲ್ಲೆಲ್ಲ ಸಾರಜನಕ ಗಾಳಿಯಿಂದ ಪುಕ್ಕಟೆ, ಬೆಲೆಯಿರುವುದು ಜಲಜನಕಕ್ಕೆ. ಅದನ್ನು ಹಿಂದೆ ಕಲ್ಲಿದ್ದಲಿನಿಂದಲೋ ನ್ಯಾಫ್ತಾದಿಂದಲೋ ಪಡೆಯುತ್ತಿದ್ದರು. ಈಗ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ. ಆದುದರಿಂದಲೇ ದೂರದೇಶದಲ್ಲಿ ಅನಿಲದ ಬೆಲೆ ಏರಿದರೆ ಅದರ ಬಿಸಿ ನಮ್ಮ ಗೊಬ್ಬರದ ಲೆಕ್ಕಕ್ಕೂ ತಟ್ಟುವುದು. ಇಂದು ಪ್ರಪಂಚದ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಆಹಾರ ಈ ಕ್ರಿಯೆಯನ್ನೇ ನೆಚ್ಚಿದೆಯೆಂದು ತಜ್ಞರ ಅಂದಾಜು.

ಇಲ್ಲೊಂದು ಲೆಕ್ಕವನ್ನು ವಿದ್ಯಾರ್ಥಿಗಳು ಮಾಡಿ ನೋಡಬಹುದು. ಯೂರಿಯದ ಅಣುಭಾರ 60. ಅದರಲ್ಲಿ ಸಾರಜನಕ 28. ಎಂದರೆ ನೂರಕ್ಕೆ 46ಕ್ಕೆ ಮೇಲೆ. ಅಮೋನಿಯಂ ಸಲ್ಫೇಟಿನಲ್ಲಿ 132ಕ್ಕೆ 28, ಎಂದರೆ ನೂರಕ್ಕೆ 21. ಚಿಲಿಯ ಉಪ್ಪಿನಲ್ಲಿ 85ಕ್ಕೆ 14, ಎಂದರೆ ನೂರಕ್ಕೆ 16 ಚಿಲ್ಲರೆ. ಕೊಟ್ಟಿಗೆ ಗೊಬ್ಬರದಲ್ಲಾದರೋ ನೂರಕ್ಕೆ ಅರ್ಧದಷ್ಟು ಮಾತ್ರ. 45 ಕಿಲೋಗ್ರಾಮಿನ ಒಂದು ಯೂರಿಯ ಚೀಲಕ್ಕೆ ಸಮನಾಗಲು ಸುಮಾರು 4 ಟನ್ನು ಕೊಟ್ಟಿಗೆ ಗೊಬ್ಬರ ಬೇಕು. ಹಾಗೆಂದು ಕೊಟ್ಟಿಗೆ ಗೊಬ್ಬರವನ್ನು ಹೀಗಳೆಯಲಾಗದು. ಅದು ಮಣ್ಣನ್ನು ಹದಗೊಳಿಸಿ ನೀರನ್ನು ಹಿಡಿದಿಡುತ್ತದೆ. ಆ ಕೆಲಸ ಯೂರಿಯದಿಂದಾಗದು. ಬೇರಿಗೆ ಮಾತ್ರ, ತನ್ನೊಳಗೆ ಬಂದ ನೈಟ್ರೇಟು ತಿಪ್ಪೆಯದೋ ಕಾರ್ಖಾನೆಯದೋ ತಿಳಿಯುವುದಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಜಗಳ ನಮಗೆ ಅಷ್ಟು ಅರ್ಥವತ್ತಾಗಿ ಕಾಣುವುದಿಲ್ಲ. ಹೆಚ್ಚು ಕಳವಳಕ್ಕೆ ಕಾರಣವಾದುದು ಬೇರೆ: ಹಾಕಿದ ಸಾರಜನಕದಲ್ಲಿ ಅರ್ಧದಷ್ಟು ಬೆಳೆಗೆ ಸೇರುವುದೇ ಇಲ್ಲ. ಅದು ಬಾವಿಯ ನೀರಿಗಿಳಿಯುತ್ತದೆ, ಕೆರೆಯಲ್ಲಿ ಪಾಚಿಯನ್ನು ಬೆಳೆಸುತ್ತದೆ, ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೇರಿ ಭೂಮಿಯ ಕಾವನ್ನು ಹೆಚ್ಚಿಸುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ನಿಯಮ.

ಮೂಳೆಯಿಂದ ಬಂಡೆಗೆ

ರಂಜಕಕ್ಕೆ ಗಾಳಿಯಲ್ಲಿ ಉಗ್ರಾಣವಿಲ್ಲ. ಅದು ಇರುವುದು ಮೂಳೆಯಲ್ಲಿ, ಬೀಜದಲ್ಲಿ, ಬಂಡೆಯಲ್ಲಿ. ಮೂಳೆಯ ಪುಡಿಯನ್ನು ಹೊಲಕ್ಕೆ ಹಾಕುವ ರೂಢಿ ಇಂಗ್ಲೆಂಡಿನಲ್ಲಿ ಹಳೆಯದು. ಆದರೆ ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟ್ ನೀರಿನಲ್ಲಿ ಕರಗದು. ಜಾನ್ ಬೆನೆಟ್ ಲಾಸ್ ಎಂಬ ಜಮೀನುದಾರನು ಅದಕ್ಕೆ ಗಂಧಕಾಮ್ಲವನ್ನು ಬೆರೆಸಿ ಕರಗುವಂತೆ ಮಾಡಿ, 1842ರಲ್ಲಿ ‘ಸೂಪರ್‌ಫಾಸ್ಫೇಟ್’ಗೆ ಸನ್ನದು ಪಡೆದನು. ಮರುವರ್ಷ ತನ್ನ ರಾಥಮ್‌ಸ್ಟೆಡ್ ಜಮೀನಿನಲ್ಲಿ ಅವನು ಆರಂಭಿಸಿದ ಗೋದಿಯ ಪ್ರಯೋಗ ಇಂದಿಗೂ ನಡೆಯುತ್ತಿದೆ. ಗಾಳಿಯಲ್ಲಿನ ಅಮೋನಿಯವೇ ಬೆಳೆಗೆ ಸಾಕೆಂಬ ಲೀಬಿಗ್‌ನ ಅಭಿಪ್ರಾಯವನ್ನು ಸುಳ್ಳಾಗಿಸಿದುದೂ ಆ ಹೊಲವೇ.

ಮೂಳೆ ಸಾಲದಾದಾಗ ಪೆರು ದೇಶದ ಚಿಂಚಾ ದ್ವೀಪಗಳಲ್ಲಿ ಕಡಲಹಕ್ಕಿಗಳ ಹಿಕ್ಕೆ ಬೆಟ್ಟವಾಗಿ ಬಿದ್ದಿದ್ದುದನ್ನು ಅಗೆದರು. ಅದು ನಾಲ್ಕು ದಶಕಗಳಲ್ಲಿ ತೀರಿತು. ಆಮೇಲೆ ಕಲ್ಲು. 1900ರ ಸುಮಾರಿಗೆ ಸಿಡ್ನಿಯ ಒಂದು ಕಚೇರಿಯಲ್ಲಿ ಬಾಗಿಲಿಗೆ ಅಡ್ಡವಾಗಿಟ್ಟಿದ್ದ ಕಲ್ಲೊಂದನ್ನು ಆಲ್ಬರ್ಟ್ ಎಲ್ಲಿಸ್ ಎಂಬವನು ಪರೀಕ್ಷಿಸಿ ನೋಡಿದಾಗ, ಅದು ಉತ್ತಮ ಜಾತಿಯ ಫಾಸ್ಫೇಟೆಂದು ತಿಳಿಯಿತು. ಆ ಕಲ್ಲು ಬಂದಿದ್ದುದು ಶಾಂತಸಾಗರದ ನೌರು ದ್ವೀಪದಿಂದ. ದ್ವೀಪದ ವಿಸ್ತೀರ್ಣ 21 ಚದರ ಕಿಲೋಮೀಟರ್ ಮಾತ್ರ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ಹುಲ್ಲುಗಾವಲುಗಳು ಅದರಿಂದ ಹಸುರಾದುವು. 1968ರಲ್ಲಿ ಸ್ವತಂತ್ರವಾದ ನೌರು ಕೆಲವು ಕಾಲ ತಲಾ ಆದಾಯದಲ್ಲಿ ಪ್ರಪಂಚದ ಅಗ್ರದೇಶಗಳ ಸಾಲಿನಲ್ಲಿತ್ತು. ಮೇಲಿನ ಫಾಸ್ಫೇಟ್ ಮುಗಿದ ಮೇಲೆ ಉಳಿದುದು ದ್ವೀಪದ ನಡುವೆ ಹಲ್ಲುಗಳಂತೆ ನಿಂತ ಸುಣ್ಣಗಲ್ಲಿನ ಕೊರಡುಗಳು. ಅವುಗಳ ನಡುವೆ ಬೇಸಾಯ ಸಾಧ್ಯವಿಲ್ಲ.

ಈಗ ತಿಳಿದಿರುವ ಫಾಸ್ಫೇಟ್ ನಿಕ್ಷೇಪಗಳಲ್ಲಿ ನೂರಕ್ಕೆ 70ರಷ್ಟು ಮೊರಾಕೊ ಮತ್ತು ಪಶ್ಚಿಮ ಸಹಾರಾದಲ್ಲಿದೆ. ನಮ್ಮಲ್ಲಿ ರಾಜಸ್ಥಾನದ ಉದಯಪುರದ ಬಳಿ ಝಾಮರ್‌ಕೋಟ್ರಾದಲ್ಲಿ 1968ರಲ್ಲಿ ಒಂದು ಒಳ್ಳೆಯ ನಿಕ್ಷೇಪ ಪತ್ತೆಯಾಯಿತು. ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲಿನಲ್ಲಿ ಬಾಳಿದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿಟ್ಟ ಕಲ್ಲು ಅದು. ಆದರೆ ದೇಶದ ಅಗತ್ಯಕ್ಕೆ ಅದು ಸಾಲದು.

ಪೊಟ್ಯಾಸಿಯಂ ವಿಚಾರ ಚಿಕ್ಕದು. ಹಿಂದೆ ಸೌದೆಯ ಬೂದಿಯನ್ನು ಮಡಕೆಯಲ್ಲಿ ನೀರಿಗೆ ಹಾಕಿ ಬಸಿದು ಕಾಯಿಸುತ್ತಿದ್ದರು. ‘ಪಾಟ್’ ಎಂದರೆ ಮಡಕೆ, ‘ಆ್ಯಶ್’ ಎಂದರೆ ಬೂದಿ. ಪೊಟಾಷ್ ಎಂಬ ಹೆಸರು ಅದರಿಂದಲೇ. ಜರ್ಮನಿಯ ಸ್ಟಾಸ್‌ಫರ್ಟ್‌ನಲ್ಲಿ ಉಪ್ಪಿಗಾಗಿ ಬಾವಿ ತೋಡಿದವರು ಮೇಲೆ ಸಿಕ್ಕಿದ ಕಹಿ ಲವಣವನ್ನು ಕಸವೆಂದು ಎಸೆದರು. ಆ ಕಸದಿಂದಲೇ 1861ರಲ್ಲಿ ಮೊದಲ ಪೊಟಾಷ್ ಕಾರ್ಖಾನೆ ನಡೆಯಿತು. ಹಳೆಯ ಕಡಲು ಆವಿಯಾಗಿ ಒಣಗುವಾಗ ಮೊದಲು ಜಿಪ್ಸಂ, ಆಮೇಲೆ ಉಪ್ಪು, ಕೊನೆಗೆ ಪೊಟ್ಯಾಸಿಯಂ ಲವಣಗಳು ಕೂಡುತ್ತವೆ. ಗೋಕರ್ಣದ ಬಳಿಯ ಸಾಣಿಕಟ್ಟದ ಆಗರಗಳಲ್ಲಿ ಉಪ್ಪು ಎತ್ತಿದ ಮೇಲೆ ಉಳಿಯುವ ಕಹಿನೀರಿನಲ್ಲಿ ಅದೇ ಕೊನೆಯ ಹಂತದ ಲವಣಗಳುಂಟು. ಕೆನಡ, ರಷ್ಯ, ಬೆಲರೂಸ್‌ಗಳಲ್ಲಿ ಅದರ ಗಣಿಗಳಿವೆ. ನಮ್ಮ ಬೇಸಾಯಕ್ಕೆ ಬೇಕಾದುದೆಲ್ಲ ಬಹುಮಟ್ಟಿಗೆ ಹೊರಗಿನಿಂದಲೇ ಬರಬೇಕು.

ಗೊಬ್ಬರದ ಚೀಲದ ಮೇಲೆ ಮೂರು ಅಂಕೆಗಳಿರುತ್ತವೆ. ಅವುಗಳನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಮೊದಲನೆಯದು ಸಾರಜನಕದ್ದೇ, ಉಳಿದೆರಡನ್ನು ಹಿಂದಿನ ಕಾಲದ ರೂಢಿಯಂತೆ ಆಕ್ಸೈಡ್ ಲೆಕ್ಕದಲ್ಲಿ ಬರೆಯುತ್ತಾರೆ. ನಿಜವಾದ ರಂಜಕ ತಿಳಿಯಲು ಎರಡನೆಯ ಅಂಕೆಯನ್ನು 0.44ರಿಂದ, ಪೊಟ್ಯಾಸಿಯಂ ತಿಳಿಯಲು ಮೂರನೆಯದನ್ನು 0.83ರಿಂದ ಗುಣಿಸಬೇಕು. ಡಿ.ಎ.ಪಿ. ಚೀಲದ ಮೇಲೆ 18-46-0 ಎಂದಿರುವುದು. 50 ಕಿಲೋಗ್ರಾಮಿನ ಅಂಥ ಚೀಲದಲ್ಲಿ ಸಾರಜನಕ 9 ಕಿಲೋಗ್ರಾಂ, ರಂಜಕ ಸುಮಾರು 10 ಕಿಲೋಗ್ರಾಂ. ನಾವು ಆರಂಭದಲ್ಲಿ ತೂಗಿದ ಬತ್ತದ ಲೆಕ್ಕದಲ್ಲಿ ಹೇಳುವುದಾದರೆ, ಅಷ್ಟು ರಂಜಕ ಮೂರರಿಂದ ಐದು ಟನ್ನು ಬೆಳೆಯೊಡನೆ ಗದ್ದೆಯನ್ನು ಬಿಟ್ಟುಹೋಗುವಷ್ಟು.